ಕೆಟ್ಟ ಮನೂಕದ ಲೆಕ್ಕ

ಕೇಳುಗ ಬಂಧುಗಳೇ, ನಮಸ್ಕಾರ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಒಣಗಿಸುವ ಶೆಡ್ಡಿನಿಂದ ಮನೂಕ, ಅಂದರೆ ಒಣದ್ರಾಕ್ಷಿ, ಇಳಿಸುವ ಹೊತ್ತಿಗೆ ಏಪ್ರಿಲ್ ಚಾಟ್ನಿಯ (ಬಳ್ಳಿ ಕತ್ತರಿಸುವ ಕೆಲಸದ) ಗಡಿಬಿಡಿಯೂ ಶುರುವಾಗಿರುತ್ತದೆ. ಹಸಿರು ಮಾಲು ಬಂದವರು ನಾಲ್ಕು ಮಂದಿಗೆ ತೋರಿಸುತ್ತಾರೆ. ಮಾಲು ಕಪ್ಪಾದವರು ಬಂದ ದರಕ್ಕೆ ಕೊಟ್ಟು, ಶೆಡ್ಡು ಗುಡಿಸಿ, ಆಳು ಹುಡುಕಲು ಹೊರಡುತ್ತಾರೆ. ಯಾರಾದರೂ ಕೇಳಿದರೆ ‘ಹವಾ ಕೈಕೊಟ್ಟಿತು’ ಅಂತ ಮಾತು ಮುಗಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಅಷ್ಟು ರೊಕ್ಕ ಕಳಕೊಂಡ ಮೇಲೆ, ಯಾಕೆ ಕಳಕೊಂಡೆವು ಎಂಬುದಾದರೂ ಕೈಯಲ್ಲಿ ಉಳಿಯಬೇಡವೇ?

ಮಾಲು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಪ್ರತಿ ಅಂತಸ್ತಿನ ಜಾಳಿಗೆಯಿಂದ ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಚೀಲದಲ್ಲಿ ಕಟ್ಟಿ. ಎಷ್ಟನೇ ಅಂತಸ್ತು, ಯಾವ ಬದಿ, ಒಣಹಾಕುವ ಮುಂಚೆ ಯಾವ ದಿನ ದ್ರಾವಣದಲ್ಲಿ ಅದ್ದಿದ್ದು, ಇಷ್ಟು ಬರೆದ ಚೀಟಿ ಒಳಗಿರಲಿ. ಚೀಲಗಳನ್ನು ಸಾಲಾಗಿ ಇಟ್ಟು ನೋಡಿದರೆ ‘ಎಲ್ಲಾ ಕೆಟ್ಟಿತು’ ಅನ್ನುವ ಮಾತು ಬಹಳ ಸಲ ನಿಲ್ಲುವುದಿಲ್ಲ. ಪಡುವಣ ಅಂಚಿನದು ಮಾತ್ರ ಕಂದಾಗಿದ್ದರೆ ಇಳಿಬಿಸಿಲು ನೇರ ಬಿದ್ದಿದೆ, ಪರದೆ ಸಾಲದು. ನಡುವಿನ ಮಾಲು ಹುಳಿ ವಾಸನೆ ಹೊಡೆದರೆ ಗೊನೆ ದಪ್ಪವಾಗಿ ಹರಡಿದ್ದೀರಿ, ಗಾಳಿ ಆಡಿಲ್ಲ. ಒಂದು ದಿನ ಅದ್ದಿದ್ದು ಎಲ್ಲಾ ಅಂತಸ್ತಿನಲ್ಲೂ ಕೆಟ್ಟು, ಮರುದಿನದ್ದು ಚಲೋ ಬಂದಿದ್ದರೆ ಮೊದಲು ಅದ್ದುವ ದ್ರಾವಣದ ಮೇಲೆ ಅನುಮಾನ ಪಡಿ.

ಹೆಚ್ಚು ಮಂದಿ ಎಡವುವುದು ಅಲ್ಲಿಯೇ. 100 ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್, ಅಂದರೆ ಅದ್ದುವ ಎಣ್ಣೆ. ಈ ಅಳತೆ ಎಲ್ಲರಿಗೂ ಗೊತ್ತು. ಪುಡಿ ಪೂರ್ತಿ ಕರಗಿದ ಮೇಲೆ ಎಣ್ಣೆಯನ್ನು ಸ್ವಲ್ಪಸ್ವಲ್ಪ ಸುರಿದು, ನೀರು ಹಾಲಿನಂತಾಗುವ ತನಕ ತಿರುವಬೇಕು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಹಣ್ಣಿನ ಸಿಪ್ಪೆ ಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಹೊರಬರಲಿ ಅಂತಲೇ ಅದ್ದುವುದು. ಎರಡರಿಂದ ನಾಲ್ಕು ನಿಮಿಷ ಸಾಕು. ಅದೇ ದ್ರಾವಣದಲ್ಲಿ ಕ್ರೇಟಿನ ಮೇಲೆ ಕ್ರೇಟು ಅದ್ದುತ್ತ ಹೋದರೆ ಒಡೆದ ಹಣ್ಣಿನ ರಸ, ಧೂಳು ಸೇರಿ ಅದರ ಶಕ್ತಿ ಇಳಿಯುತ್ತದೆ. ಆಗ ಸಂಜೆ ಅದ್ದಿದ್ದು ತಡವಾಗಿ ಒಣಗಿ ಕಪ್ಪಾಗುತ್ತದೆ. ದ್ರಾವಣದ ಪಿಎಚ್ (ಕ್ಷಾರ ಎಷ್ಟಿದೆ ಎಂಬ ಅಳತೆ) 11ರ ಆಸುಪಾಸು ಇದೆಯೇ ಅಂತ ಕಾಗದದ ಪಟ್ಟಿ ಅದ್ದಿ ನೋಡಬಹುದು. ಲಕ್ಷಗಟ್ಟಲೆ ಮಾಲಿನ ಮುಂದೆ ಆ ಪಟ್ಟಿಯ ಖರ್ಚು ಯಾವ ಲೆಕ್ಕ!

ಬಣ್ಣ ಚಲೋ ಇದ್ದೂ ತೂಕ ಕಮ್ಮಿ ಬಂತೇ? ಹಾಗಿದ್ದರೆ ಶೆಡ್ಡಿನ ಮೇಲೆ ಸಿಟ್ಟಾಗಬೇಡಿ, ಸೋಲು ತೋಟದಲ್ಲೇ ಆಗಿದೆ. 22 ಬ್ರಿಕ್ಸ್ (ಹಣ್ಣಿನ ಸಿಹಿಯ ಅಳತೆ) ಇದ್ದ ಒಂದು ಟನ್ ಹಣ್ಣು ಸುಮಾರು 250 ಕಿಲೋ ಮನೂಕ ಕೊಟ್ಟರೆ, 18 ಬ್ರಿಕ್ಸ್‌ನಲ್ಲಿ ಕೊಯ್ದದ್ದು 200 ಕಿಲೋ ದಾಟುವುದು ಕಷ್ಟ. ಆಳು ಸಿಕ್ಕರು ಅಂತ ಎಂಟು ದಿನ ಮೊದಲೇ ಕೊಯ್ದವರು ಈ 50 ಕಿಲೋದ ಬೆಲೆಯನ್ನು ಕೂಲಿ ಲೆಕ್ಕದ ಪಕ್ಕದಲ್ಲೇ ಬರೆದು ನೋಡಲಿ.

ಮಳೆ ನಿಮ್ಮ ತಪ್ಪಲ್ಲ. ದರ ಬಿದ್ದದ್ದೂ ಅಲ್ಲ. ಇವೆರಡನ್ನು ಬೇರೆ ಪುಟದಲ್ಲಿ ಬರೆಯಿರಿ, ಇಲ್ಲವಾದರೆ ಎಲ್ಲಾ ತಪ್ಪು ಅದರ ಕೆಳಗೇ ಅಡಗಿಕೊಳ್ಳುತ್ತದೆ. ಉಲ್ಟಾ ಆಗುವುದೂ ಉಂಟು. ಅಕಾಲ ಮಳೆಗೆ ಸಿಕ್ಕ ಮನುಷ್ಯ ‘ನನ್ನ ಕೈಗುಣವೇ ಸರಿಯಿಲ್ಲ’ ಅಂತ ಕುಗ್ಗಿ, ಚಲೋ ನಡೆಯುತ್ತಿದ್ದ ಪದ್ಧತಿಯನ್ನೂ ಬಿಟ್ಟುಬಿಡುತ್ತಾನೆ. ಮೊದಲನೆಯದಕ್ಕಿಂತ ಇದು ಹೆಚ್ಚು ಕೆಡುಕು.

ಬರೆಯುವುದನ್ನು ಮಾಲು ಇಳಿಸಿದ ವಾರದಲ್ಲೇ ಮುಗಿಸಿ. ಅಕ್ಟೋಬರ್ ಚಾಟ್ನಿ ಹೊತ್ತಿಗೆ ನೆನಪು ನಮಗೆ ಅನುಕೂಲವಾದ ಕಥೆ ಕಟ್ಟಿರುತ್ತದೆ. ಅದ್ದಿದವರು ಹೆಣ್ಣಾಳುಗಳಾಗಿದ್ದರೆ ಅವರನ್ನೂ ಕೂಡಿಸಿ ಕೇಳಿ. ನೀರು ಯಾವಾಗ ಬದಲಿಸಿದಿರಿ ಎಂಬುದಕ್ಕೆ ಮಾಲೀಕನಿಗಿಂತ ಅವರ ಉತ್ತರ ಖರೆ ಇರುತ್ತದೆ. ಬೈಯುವ ದನಿಯಲ್ಲಿ ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಮುಂದಿನ ಹಂಗಾಮಿಗೆ ಬದಲಾವಣೆ ಒಂದೇ ಇರಲಿ. ಪರದೆ, ದ್ರಾವಣ, ಕೊಯ್ಲಿನ ದಿನ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಅಂತ ತಿಳಿಯದು. ಎಂಟು ಅಂತಸ್ತಿನ ಶೆಡ್ಡಿನಲ್ಲಿ ಎರಡನ್ನು ಹಳೆಯ ರೀತಿಯಲ್ಲೇ ಬಿಡಿ, ಜಾಳಿಗೆಗೆ ಕೆಂಪು ದಾರ ಕಟ್ಟಿ ಗುರುತಿಡಿ, ಇಳಿಸುವಾಗ ಆ ಎರಡನ್ನು ಬೇರೆಯಾಗಿಯೇ ತೂಗಿ.