ಕಂಬಿಯ ಆಚೆ ಇದ್ದವರು

ಕೇಳುಗರೇ, ನಮಸ್ಕಾರ.

ಕಡಲ್ಗಳ್ಳರು ಅಂದರೆ ಬೇರೊಂದು ಹಡಗಿನಲ್ಲಿ ಬಂದು ಮೇಲೆ ಬೀಳುವವರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ನೂರು ವರ್ಷದ ಹಿಂದೆ ದಕ್ಷಿಣ ಚೀನಾದ ಕರಾವಳಿಯಲ್ಲಿ ಕಳ್ಳರು ಟಿಕೆಟ್ ತೆಗೆದುಕೊಂಡೇ ಹಡಗು ಹತ್ತುತ್ತಿದ್ದರು. ಬ್ರಿಟಿಷ್ ಕಂಪನಿಯ ಹಬೆಹಡಗು, ಡೆಕ್ ತುಂಬ ನೂರಾರು ಬಡ ಚೀನೀಯರು. ಅವರ ನಡುವೆಯೇ ಒಂದು ಗುಂಪು ಪಿಸ್ತೂಲು ಬಚ್ಚಿಟ್ಟುಕೊಂಡು ಸುಮ್ನೆ ಕೂತಿರುತ್ತಿತ್ತು. ಹೊತ್ತು ನೋಡಿ ಒಮ್ಮೆಲೇ ಎದ್ದು, ಕ್ಯಾಪ್ಟನ್‌ಗೆ ಗುರಿ ಹಿಡಿದು, ಹಡಗನ್ನು ಬಯಾಸ್ ಬೇ ಎಂಬ ಕೊಲ್ಲಿಗೆ ತಿರುಗಿಸಿಬಿಡುತ್ತಿದ್ದರು. ಹಾಂಗ್‌ಕಾಂಗ್‌ನಿಂದ ಅಲ್ಲಿಗೆ ಸುಮಾರು 60 ಮೈಲಿ ಅಷ್ಟೇ.

ಇದನ್ನು ತಡೆಯಲು, ಆಗ ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್‌ನ ಸರ್ಕಾರ 1914ರಲ್ಲಿ ಕಾನೂನು ತಂದಿತು. ಹಡಗಿನೊಳಗೇ ಕಬ್ಬಿಣದ ಕಂಬಿ ಬಾಗಿಲುಗಳು ಬಂದವು. ಚುಕ್ಕಾಣಿ, ಎಂಜಿನ್, ಅಧಿಕಾರಿಗಳ ಕೋಣೆ ಒಂದು ಕಡೆ. ಡೆಕ್ ಪ್ರಯಾಣಿಕರು ಇನ್ನೊಂದು ಕಡೆ. ಕಾವಲಿಗೆ ಬಂದೂಕು ಹಿಡಿದವರು. ಅವರಲ್ಲಿ ನಮ್ಮ ಪಂಜಾಬಿನಿಂದ ಹೋದ ಸಿಖ್ಖರೂ ಇದ್ದರು.

ಜಗಳ ಶುರುವಾದದ್ದು ಇಲ್ಲಿಂದ. ನಾವು ಹಡಗು ನಡೆಸಲು ಬಂದವರು, ಪೊಲೀಸರಲ್ಲ ಅಂತ ಹಡಗಿನ ಅಧಿಕಾರಿಗಳು. ಕಾವಲಿನ ಖರ್ಚು ನಮಗ್ಯಾಕೆ, ರಕ್ಷಣೆ ಸರ್ಕಾರದ ಕೆಲಸ ಅಂತ ಮಾಲೀಕರು. ಲಾಭ ನಿಮ್ಮದು, ನೀವೇ ಕೊಡಿ ಅಂತ ಸರ್ಕಾರ. ಹತ್ತುವಾಗಲೇ ಎಲ್ಲರನ್ನೂ ತಡಕಿ ನೋಡಿ ಎಂಬ ಮಾತೂ ಬಂತು. ಆದರೆ ಚೀನಾದ ಬಂದರುಗಳಲ್ಲಿ ಹಾಂಗ್‌ಕಾಂಗ್ ಕಾನೂನು ನಡೆಯಬೇಕಲ್ಲ?

ಕಂಬಿ ಬೇಕು ಅನ್ನುವವರ ಮಾತಿನಲ್ಲೂ ಹುರುಳಿತ್ತು. 1926ರ ನವೆಂಬರ್‌ನಲ್ಲಿ ಸನ್ನಿಂಗ್ ಎಂಬ ಹಡಗು ಕಳ್ಳರ ಕೈಗೆ ಸಿಕ್ಕಿತು. ನೀರಿನ ಆಳ ನೋಡಲು ಹಗ್ಗಕ್ಕೆ ಕಟ್ಟಿ ಬಿಡುವ ಸೀಸದ ಗುಂಡು ಇರುತ್ತದಲ್ಲ, ಅದರಿಂದಲೇ ಕಾವಲಿಗಿದ್ದ ಕಳ್ಳನನ್ನು ಹೊಡೆದು ಅಧಿಕಾರಿಗಳು ಬ್ರಿಜ್, ಅಂದರೆ ಹಡಗು ನಡೆಸುವ ಮೇಲಿನ ಕಟ್ಟೆ, ವಾಪಸ್ ಪಡೆದರು. ಕಳ್ಳರು ಹಡಗಿಗೆ ಬೆಂಕಿ ಇಟ್ಟರು. ಅಧಿಕಾರಿಗಳು ಹಡಗನ್ನು ಗಾಳಿ ನೋಡಿ ತಿರುಗಿಸಿದರು. ಹೊಗೆ, ಉರಿ ಕಳ್ಳರ ಕಡೆಗೇ ನುಗ್ಗಿತು. ಎಂಥ ಧೈರ್ಯ! ಓದುವಾಗ ನನಗೆ ಮೈ ಜುಮ್ ಅಂದಿತ್ತು.

ಆದರೆ ಆ ಉರಿ ನುಗ್ಗಿದ ಕಡೆಯಲ್ಲಿ ಪ್ರಯಾಣಿಕರೂ ಇದ್ದರು. ನನ್ನನ್ನು ಕಾಡುವುದು ಇದು. ಅಷ್ಟೆಲ್ಲ ವಾದ ನಡೆಯಿತು. ಆದರೆ ಡೆಕ್ ಮೇಲೆ ಕೂತವರನ್ನು ಕರೆದು, ನಿಮಗೇನು ಬೇಕು ಅಂತ ಕೇಳಿದ್ದು ನನಗೆಲ್ಲೂ ಸಿಕ್ಕಿಲ್ಲ. ಕಂಬಿ ಅವರನ್ನು ಕಳ್ಳರಿಂದ ಕಾಪಾಡಲಿಲ್ಲ, ಕಳ್ಳರ ಜೊತೆಗೇ ಕೂಡಿಹಾಕಿತು. ಇದು ಮೊದಲೇ ಗೊತ್ತಿದ್ದ ವಿಷಯ. 1914ರ ಏಪ್ರಿಲ್‌ನಲ್ಲಿ ತಾಯ್ ಆನ್ ಎಂಬ ಹಡಗಿನಲ್ಲಿ ಅಧಿಕಾರಿಗಳು ಬ್ರಿಜ್ ಬಿಟ್ಟುಕೊಡದೆ ಹೋರಾಡಿದರು. ಕಳ್ಳರು ಬೆಂಕಿ ಹಚ್ಚಿದರು. 200ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಬಂದ ಕಾನೂನೂ ಕಂಬಿಯನ್ನೇ ನಂಬಿತು.

ಬ್ರಿಟಿಷ್ ನೌಕಾಪಡೆಯದು ಇನ್ನೊಂದು ದಾರಿ. 1927ರ ಮಾರ್ಚ್‌ನಲ್ಲಿ ಅದು ಬಯಾಸ್ ಬೇ ದಂಡೆಯ ಹಳ್ಳಿಗಳಿಗೆ ನುಗ್ಗಿ ಮನೆ, ದೋಣಿ ಸುಟ್ಟಿತು. ಆಮೇಲೂ ಕಳ್ಳತನ ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಕಳ್ಳರು ಹಿಡಿದಿದ್ದ ಐರೀನ್ ಎಂಬ ಚೀನೀ ಹಡಗು ರಾತ್ರಿ ಕೊಲ್ಲಿಗೆ ಬಂತು. ಕಾದಿದ್ದ ಬ್ರಿಟಿಷ್ ಜಲಾಂತರ್ಗಾಮಿ ಎಲ್-4 ನಿಲ್ಲು ಅಂದಿತು. ಹಡಗು ನಿಲ್ಲಲಿಲ್ಲ. ಗುಂಡು ಹಾರಿತು, ಹಡಗಿಗೆ ಬೆಂಕಿ ಬಿತ್ತು. ನಾವಿಕರು ಕತ್ತಲಲ್ಲಿ ಒಬ್ಬೊಬ್ಬರನ್ನೇ ಎತ್ತಿ ಬಹಳ ಜನರನ್ನು ಉಳಿಸಿದರು. ಎಲ್ಲರನ್ನೂ ಉಳಿಸಲು ಆಗಲಿಲ್ಲ.

ನಮಸ್ಕಾರ.