ಬ್ಯಾಂಕ್ ನಮ್ಮನ್ನ ಒಪ್ಪಿತು, ಈ ಕಾಂಡೋನ ಒಪ್ಪತ್ತಾ?

ನಮಸ್ಕಾರ, ಎಲ್ಲರೂ ಹೇಗಿದ್ದೀರಾ? ಈ ಶನಿವಾರ ನ್ಯೂಜೆರ್ಸಿಯ ಎಡಿಸನ್ ಹತ್ರ ಮತ್ತೆ ಮನೆ ನೋಡೋ ಕೆಲಸ. ಈಗ ಕಾಣ್ತಿರೋದು ಎರಡು ಬೆಡ್‌ರೂಮಿನ ಕಾಂಡೋ, ಅಂದ್ರೆ ಮನೆ ನಮ್ಮದು, ನೆಲ-ಚಾವಣಿ ಎಲ್ಲರದ್ದು, ಅದನ್ನ ನೋಡ್ಕೊಳ್ಳೋದು ಮಾಲೀಕರ ಸಂಘ. ಅಡುಗೆಮನೆಗೆ ಬೆಳಕು ಚೆನ್ನಾಗಿದೆ, ಒಗ್ಗರಣೆ ಘಾಟು ಹೋಗೋಕೆ ಕಿಟಕಿನೂ ಇದೆ. ಇವರಂತೂ ಪಾರ್ಕಿಂಗ್ ನೋಡಿದ ಕೂಡಲೇ ಒಪ್ಕೊಂಡುಬಿಟ್ರು. ಜಾಹೀರಾತಲ್ಲಿ ‘ಎಫ್‌ಎಚ್‌ಎ ಅಪ್ರೂವ್ಡ್’ ಅಂತ ಬರೆದಿತ್ತು. ನಾನು ಆ ಎರಡು ಪದನ ನಂಬಲ್ಲ.

ಎಫ್‌ಎಚ್‌ಎ, ಅಂದ್ರೆ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, 1934ರಿಂದ ಇದೆ. ಇದು ಸಾಲ ಕೊಡಲ್ಲ. ನಾವು ಕಂತು ಕಟ್ಟದೇ ಹೋದ್ರೆ ಬ್ಯಾಂಕಿಗೆ ಆಗೋ ನಷ್ಟಕ್ಕೆ ವಿಮೆ ಕೊಡುತ್ತೆ. ಆ ಧೈರ್ಯದ ಮೇಲೆ ಕ್ರೆಡಿಟ್ ಸ್ಕೋರ್ 580 ಇದ್ರೂ 3.5% ಡೌನ್ ಪೇಮೆಂಟಿಗೆ ಸಾಲ ಸಿಗಬಹುದು. ಆ ವಿಮೆಗೆ ದುಡ್ಡು ಕಟ್ಟೋರು ಮಾತ್ರ ನಾವೇ! ಶುರುವಲ್ಲೇ ಸಾಲದ 1.75%, ಆಮೇಲೆ ತಿಂಗಳು ತಿಂಗಳೂ ಒಂದಿಷ್ಟು.

ಎಚ್-1ಬಿ ವೀಸಾ ಮೇಲಿರೋರು ಇಲ್ಲೇ ಕೇಳಿಸ್ಕೊಳ್ಳಿ. 2025ರ ಮೇ 25ರಿಂದ ನಿಮಗೆ ಈ ದಾರಿ ಮುಚ್ಚಿದೆ. ನಮ್ಮಂಥೋರಿಗೆ ಗ್ರೀನ್ ಕಾರ್ಡ್ ಬೇಕು, ಇಲ್ಲಾ ಪೌರತ್ವ ಬೇಕು.

ಕಾಂಡೋ ವಿಷಯದಲ್ಲಿ ನಮ್ಮ ಸಂಬಳ, ಸ್ಕೋರ್ ಸರಿಯಿದ್ರೆ ಸಾಲದು, ಎಫ್‌ಎಚ್‌ಎನೋರು ಇಡೀ ಸಂಕೀರ್ಣದ ಜಾತಕ ನೋಡ್ತಾರೆ. ಅದು ಪಾಸಾದ್ರೇನೇ ‘ಎಫ್‌ಎಚ್‌ಎ ಅಪ್ರೂವ್ಡ್’. ಸಾಮಾನ್ಯವಾಗಿ ಅರ್ಧದಷ್ಟು ಮನೆಗಳಲ್ಲಿ ಮಾಲೀಕರೇ ಇರಬೇಕು. ಕೆಲವು ಷರತ್ತಿನ ಮೇಲೆ ಅದು 35%ಗೂ ಇಳಿಯುತ್ತೆ. ಸಂಘದ ತಿಂಗಳ ಶುಲ್ಕನ 60 ದಿನಕ್ಕಿಂತ ಹೆಚ್ಚು ಬಾಕಿ ಇಟ್ಟಿರೋ ಮನೆಗಳು 15% ದಾಟಬಾರದು. ಸಂಘದ ಬಜೆಟ್‌ನಲ್ಲಿ ಹತ್ತನೇ ಒಂದು ಭಾಗ ರಿಸರ್ವ್‌ಗೆ ಹೋಗ್ಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಈ ಕೊನೇದು. ಎಫ್‌ಎಚ್‌ಎ ಸಾಲ ಬೇಡದೋರೂ ಇದನ್ನ ಕೇಳಲೇಬೇಕು. ಕೂಡಿಟ್ಟ ದುಡ್ಡಿಲ್ಲದ ಸಂಘ ಚಾವಣಿ ಸೋರಿದ ದಿನ ಎಲ್ಲರ ಮನೆಗೂ ಸಾವಿರಾರು ಡಾಲರಿನ ಬಿಲ್ ಕಳಿಸುತ್ತೆ.

ಈಗ ಲ್ಯಾಪ್‌ಟಾಪ್ ಕಡೆ ಬನ್ನಿ. ಇದು ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ, ಹಡ್‌ನ ಕಾಂಡೋ ಹುಡುಕಾಟದ ಪುಟ. ಎಫ್‌ಎಚ್‌ಎ ಇದರ ಕೆಳಗೇ ಬರೋದು. ಲಾಗಿನ್ ಬೇಡ, ಯಾರು ಬೇಕಾದ್ರೂ ನೋಡಬಹುದು. ಬೋರ್ಡ್ ಮೇಲಿರೋ ಹೆಸರು ಹಾಕಿದೆ... ಏನೂ ಬರಲಿಲ್ಲ. ಅದು ಬಿಲ್ಡರ್ ಮಾರಾಟಕ್ಕೆ ಇಟ್ಟ ಹೆಸರು. ಮಾಸ್ಟರ್ ಡೀಡ್‌ನಲ್ಲಿ, ಅಂದ್ರೆ ಸಂಕೀರ್ಣ ನೋಂದಾಯಿಸಿದ ಮೂಲ ಪತ್ರದಲ್ಲಿ, ಬೇರೆಯೇ ಇರುತ್ತೆ. ಅದಕ್ಕೆ ಹೆಸರಿನ ಜಾಗ ಖಾಲಿ ಬಿಟ್ಟು ರಾಜ್ಯ, ಜಿಪ್ ಕೋಡ್ ಅಷ್ಟೇ ಕೊಡಿ. ಬರೋ ಪಟ್ಟಿಯಲ್ಲಿ ವಿಳಾಸ ತಾಳೆ ನೋಡಿ. ಹಾಂ, ಸಿಕ್ತು. ಒಂದೇ ಕಾಂಪೌಂಡಲ್ಲಿ ಬೇರೆ ಬೇರೆ ಹಂತಗಳಿದ್ರೆ ನಿಮ್ಮ ಕಟ್ಟಡ ಯಾವುದರಲ್ಲಿದೆ ಅಂತಾನೂ ನೋಡ್ಕೊಳ್ಳಿ.

ಸ್ಟೇಟಸ್ ‘ಎಕ್ಸ್‌ಪೈರ್ಡ್’! ಅನುಮೋದನೆ ಬಾಳೋದು 3 ವರ್ಷ, ಆಮೇಲೆ ಸಂಘ ಮತ್ತೆ ಅರ್ಜಿ ಹಾಕ್ಬೇಕು. ಇವರು ಹಾಕೇ ಇಲ್ಲ. ಅಂದ್ರೆ ಜಾಹೀರಾತು ಪೂರ್ತಿ ಸುಳ್ಳೂ ಅಲ್ಲ, ಹಳೇದು. ಏಜೆಂಟ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಓ" ಅಂತ ಒಂದೇ ಅಕ್ಷರದ ಉತ್ತರ ಬಂತು.

ಹಾಗಂತ ಈ ಮನೆ ಕೈತಪ್ಪಿತು ಅಂತಲ್ಲ. 2019ರ ಅಕ್ಟೋಬರ್‌ನಿಂದ ಒಂದೇ ಮನೆಗೆ ಅನುಮೋದನೆ ಕೇಳೋ ಅವಕಾಶ ಮತ್ತೆ ಬಂದಿದೆ. ಸಂಕೀರ್ಣದಲ್ಲಿ ಕನಿಷ್ಠ 5 ಮನೆ ಇರ್ಬೇಕು. 10 ಅಥವಾ ಹೆಚ್ಚು ಮನೆಗಳಿದ್ರೆ ಎಫ್‌ಎಚ್‌ಎ ಸಾಲದವು 10% ಮೀರಬಾರದು. ಸಂಘದೋರು ಪ್ರಶ್ನಾವಳಿ ತುಂಬಿ ಲೆಕ್ಕಪತ್ರ, ವಿಮೆ ಕಾಗದ ಕೊಡ್ಬೇಕು, ಬ್ಯಾಂಕ್ ಅದನ್ನ ನೋಡ್ಬೇಕು. ಮ್ಯಾನೇಜ್‌ಮೆಂಟ್ ಆಫೀಸಿಗೆ ಮೇಲ್ ಹಾಕಿದೀನಿ. ಉತ್ತರ ಬರೋವರೆಗೂ ಮನೆ ಬೆಲೆ ಕಟ್ಟಿಸೋ ಅಪ್ರೈಸಲ್‌ಗೆ ಒಂದು ಡಾಲರೂ ಬಿಚ್ಚಲ್ಲ ಅಂತ ಇವರಿಗೂ ಹೇಳಿದೀನಿ.

ಅಷ್ಟರಲ್ಲಿ ಮಧ್ಯಾಹ್ನ ಇನ್ನೊಂದು ಮನೆ ನೋಡೋಕಿದೆ, ಟೌನ್‌ಹೌಸ್, ಅಂದ್ರೆ ಪಕ್ಕದ ಮನೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿರೋ ಮನೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಕೆಲವು ಟೌನ್‌ಹೌಸ್‌ಗಳೂ ಕಾಗದದ ಮೇಲೆ ಕಾಂಡೋನೇ. ನೆಲನೂ ನಮ್ಮ ಹೆಸರಿಗೇ ಬರೋದಾದ್ರೆ ಈ ಪಟ್ಟಿ ಹುಡುಕೋ ಕೆಲಸಾನೇ ಇಲ್ಲ. ಬಾಗಿಲು ತೆಗೆದ ಕೂಡಲೇ ಏಜೆಂಟ್‌ಗೆ ಮೊದಲು ಕೇಳೋದು ಅದನ್ನೇ.