ಇನ್ನೊಂದು ಮಿನಾರ್ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಬೀದರಿನ ಚೌಬಾರಾದಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಹೋದ ವರ್ಷ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ಕತ್ತೆತ್ತಿ ನೋಡಿ ಕೇಳಿದಳು: "ಸರ್, ಇದಕ್ಕ ಒಂದೇ ಮಿನಾರ್ ಯಾಕ್ರೀ? ಇನ್ನೊಂದು ಎಲ್ಲಿ ಹೋತು?"

ಬಿತ್ತಮ್ಮ ಅಂತ ಹೇಳಿ ಮುಂದೆ ನಡೆಯಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮೊಬೈಲಿನಲ್ಲಿ ಉಜ್ಬೇಕಿಸ್ತಾನದ ಸಮರಖಂಡದ ಒಂದು ಫೋಟೋ ತೋರಿಸಿದೆ. ಅಲ್ಲಿನ ರೇಗಿಸ್ತಾನ್ ಚೌಕದಲ್ಲಿರುವ ಉಲುಗ್ ಬೇಗನ ಮದರಸಾ ಅದು. ದೊಡ್ಡ ಕಮಾನು, ನೀಲಿ ಹೆಂಚಿನ ಚಿತ್ತಾರ, ಆ ಕಡೆ ಈ ಕಡೆ ಮಿನಾರ್. ಮಕ್ಕಳು ಮೊಬೈಲಿನ ಮೇಲೆ ಮುಗಿಬಿದ್ದರು. "ಇದು ನಮ್ಮದರಂಗೇ ಅದ ಅಲ್ರೀ ಸರ್!"

ಹೌದು, ನೆಂಟಸ್ತಿಕೆ ಇದೆ. ಸಮರಖಂಡದ್ದು 1420ಕ್ಕೆ ಮುಗಿಯಿತು, ನಮ್ಮದು 1472ಕ್ಕೆ. ಎರಡರಲ್ಲೂ ನಡುವೆ ಅಂಗಳ, ನಾಲ್ಕೂ ಕಡೆ ಎತ್ತರದ ಕಮಾನು, ಸುತ್ತ ಕೋಣೆಗಳು. ಗವಾನ್ ಇರಾನಿನ ಗಿಲಾನ್ ಸೀಮೆಯಿಂದ ವ್ಯಾಪಾರಕ್ಕೆ ಅಂತ ಬಂದವನು. ಬೀದರಿನಲ್ಲೇ ನಿಂತು ಬಹಮನಿ ರಾಜ್ಯದ ಪ್ರಧಾನಿಯಾದ. ತನ್ನ ಕಡೆಯ ಕಟ್ಟಡದ ರೀತಿಯನ್ನೇ ನಮ್ಮ ಕೆಂಪು ಮಣ್ಣಿನ ಮೇಲೆ ಎಬ್ಬಿಸಿದ.

ಕಟ್ಟಿದ ಇಬ್ಬರ ಕಥೆಯೂ ಒಂದೇ ಥರ ಮುಗಿಯಿತು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಉಲುಗ್ ಬೇಗ್ ಅರಸನಾದರೂ ಅವನ ಜೀವವೆಲ್ಲ ಆಕಾಶದ ಮೇಲೆ. ಸಾವಿರಕ್ಕೂ ಜಾಸ್ತಿ ನಕ್ಷತ್ರಗಳ ಸ್ಥಾನ ಬರೆದಿಡಿಸಿದ. 1449ರಲ್ಲಿ ಹೆತ್ತ ಮಗನೇ ಅವನ ತಲೆ ತೆಗೆಸಿದ. ನಮ್ಮ ಗವಾನನಿಗೆ ಎಪ್ಪತ್ತು ದಾಟಿತ್ತು. ಆಗದವರು ಅವನ ಮುದ್ರೆ ಬಿದ್ದ ಖಾಲಿ ಕಾಗದ ಹೊಂದಿಸಿಕೊಂಡು, ಶತ್ರು ರಾಜನಿಗೆ ಅವನೇ ಬರೆದಂತೆ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಅದನ್ನು ನಂಬಿಬಿಟ್ಟ. 1481ರಲ್ಲಿ ಗವಾನನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಅಷ್ಟು ದೊಡ್ಡ ಮದರಸಾ ಕಟ್ಟಿದವನ ಸಮಾಧಿ ಬೀದರಿನ ಊರಾಚೆ ಇದೆ. ಮೇಲೆ ಒಂದು ಗುಮ್ಮಟವೂ ಇಲ್ಲ.

ಇನ್ನು ಹುಡುಗಿಯ ಪ್ರಶ್ನೆ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಓದುವ ಕೋಣೆಗಳಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು. ಅದು ಸಿಡಿಯಿತು. ಸಿಡಿಲು ಬಡಿದು ಹೊತ್ತಿತು ಅಂತಲೂ ಹೇಳುತ್ತಾರೆ. ಮುಂದಿನ ಹೆಬ್ಬಾಗಿಲು, ಒಂದು ಮಿನಾರ್, ಮೂರು ಅಂತಸ್ತಿನ ಒಂದು ಭಾಗ ನೆಲಕ್ಕೆ ಬಂತು.

ಸಮರಖಂಡದಲ್ಲೂ ಒಂದು ಮಿನಾರ್ ವಾಲಿತ್ತು. 1932ರಲ್ಲಿ ವ್ಲಾದಿಮಿರ್ ಶುಖೋವ್ ಎಂಬ ಎಂಜಿನಿಯರ್ ಹಾಕಿಕೊಟ್ಟ ಯೋಜನೆಯಂತೆ ಅದನ್ನು ಇಡಿಯಾಗಿ ನೆಟ್ಟಗೆ ನಿಲ್ಲಿಸಿದರು. ಆಮೇಲೆ ಹೆಂಚುಗಳನ್ನೂ ಹೊಸದಾಗಿ ಕೂಡಿಸಿದರು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ನಮ್ಮ ಮುರುಕು ಮದರಸಾದ ಮೇಲೇ ಪ್ರೀತಿ ಜಾಸ್ತಿ. ಅಲ್ಲಿ ಎಲ್ಲವೂ ಮುಚ್ಚಿಹೋಗಿದೆ. ಇಲ್ಲಿ ಗೋಡೆಯ ಹೊಟ್ಟೆಯೇ ಕಾಣುತ್ತದೆ.

ಕಲಬುರಗಿಯವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕೋಟೆಯೊಳಗೆ 1367ರ ಜಾಮಾ ಮಸೀದಿ ಇದೆ. ಬಯಲು ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ ಮಸೀದಿ ಅದು. ಅದನ್ನು ಸ್ಪೇನಿನ ಕಾರ್ಡೋಬಾ ಮಸೀದಿಗೆ ಹೋಲಿಸುವುದುಂಟು. ಒಳಗೆ ನಿಂತು ಕಮಾನುಗಳ ಸಾಲು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಅದರ ಮಾತು ಇನ್ನೊಂದು ದಿನ ಆಡೋಣ.

ಮದರಸಾಕ್ಕೆ ಮಾತ್ರ ಬೆಳಗ್ಗೆಯೇ ಹೋಗಿ. ಅದರ ಮುಖ ಪೂರ್ವಕ್ಕಿದೆ. ಎಳೆ ಬಿಸಿಲು ಬಿದ್ದಾಗ ಉಳಿದ ಮಿನಾರಿನ ಬುಡದಲ್ಲಿ ನಿಲ್ಲಿ. ಅಂಕುಡೊಂಕು ಪಟ್ಟಿಗಳಲ್ಲಿ ಹೆಂಚಿನ ತುಣುಕುಗಳು ಮೇಲಕ್ಕೆ ಹತ್ತುತ್ತವೆ. ಅಲ್ಲಲ್ಲಿ ಹೆಂಚು ಉದುರಿದೆ. ಉದುರಿದ ಜಾಗದಲ್ಲಿ ಗಾರೆಯೊಳಗೆ ಅದರ ಅಚ್ಚು ಹಾಗೇ ಕೂತಿದೆ. ಅಂಚು ಇನ್ನೂ ಚೂಪಾಗಿದೆ. ಹಸಿ ಗಾರೆಯಲ್ಲಿ ಒಬ್ಬ ಕೆಲಸಗಾರ ಬೆರಳಿನಿಂದ ಒತ್ತಿ ಕೂರಿಸಿದ ಗುರುತು ಅದು. ದಯವಿಟ್ಟು ಅಲ್ಲಿ ಯಾರೂ ಹೆಸರು ಕೆತ್ತಬೇಡಿ, ಸುಮ್ನೆ ನೋಡಿ.

ಆ ಹುಡುಗಿ ತುಂಬ ಹೊತ್ತು ಅಲ್ಲೇ ನಿಂತಿದ್ದಳು. ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ಖಾಲಿ ಅಚ್ಚು ಎಣಿಸುತ್ತಿದ್ದಳು.

ನಮಸ್ಕಾರ.